ಐದು ದಿನದ ಆಟಕ್ಕೆ ಹೊನಲು ಬೆಳಕು ಬೇಕೇ?

ಪರ: ನೋಡುವವರಿಗೆ ಬಿಡುವಿದ್ದಾಗ ಆಡಲಿ

ಟೆಸ್ಟ್ ಕ್ರಿಕೆಟ್ ಮೇಲೆ ನನಗಿರುವ ದೂರು ಒಂದೇ. ಅದು ನಡೆಯುವ ಹೊತ್ತಿನಲ್ಲಿ ಅದನ್ನು ಪ್ರೀತಿಸುವವರಿಗೆ ಬಿಡುವಿರುವುದಿಲ್ಲ. ಬೆಳಿಗ್ಗೆ ಹತ್ತರ ಆಸುಪಾಸಿನಲ್ಲಿ ಬೌಲರ್ ಕೈಗೆ ಹೊಸ ಚೆಂಡು ಬರುತ್ತದೆ. ಅಷ್ಟು ಹೊತ್ತಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ, ದೊಡ್ಡವರು ಕೆಲಸದಲ್ಲಿರುತ್ತಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ತೆರೆದರೆ ಆಟಗಾರರೂ ಊಟಕ್ಕೆ ಹೋಗಿರುತ್ತಾರೆ. ಸಂಜೆ ಮನೆಗೆ ಬಂದು ಟಿವಿ ಹಾಕಿದರೆ ಅಂಪೈರ್ ಬೇಲ್ಸ್ ಎತ್ತಿ ಜೇಬಿಗೆ ಹಾಕಿಕೊಂಡು ಪೆವಿಲಿಯನ್ ಕಡೆ ನಡೆಯುತ್ತಿರುತ್ತಾರೆ. ಹೀಗೆ ವರ್ಷಗಟ್ಟಲೆ ಸ್ಕೋರ್ ಮಾತ್ರ ನೋಡುತ್ತಾ ಬಂದವರು ನಾವು. ಯಾರು ಎಷ್ಟು ಹೊಡೆದರು ಅಂತ ಗೊತ್ತು, ಹೇಗೆ ಹೊಡೆದರು ಅಂತ ಕಂಡಿಲ್ಲ.

ಒಂದು ದಿನದ ಪಂದ್ಯಕ್ಕೆ ಈ ತೊಂದರೆ ಎಂದೋ ತಪ್ಪಿತು. 1970ರ ದಶಕದ ಕೊನೆಯಲ್ಲಿ ಟಿವಿ ಉದ್ಯಮಿ ಕೆರ‍್ರಿ ಪ್ಯಾಕರ್ ಆಸ್ಟ್ರೇಲಿಯಾದಲ್ಲಿ ದೀಪದ ಕೆಳಗೆ ಬಿಳಿ ಚೆಂಡಿನಲ್ಲಿ ಆಡಿಸಿದಾಗ ಇದು ಸರ್ಕಸ್ ಅಂದವರೇ ಹೆಚ್ಚು. ಆ ಸರ್ಕಸ್ಸೇ ಆಮೇಲೆ ಎಲ್ಲರ ರೂಢಿಯಾಯಿತು. ಟೆಸ್ಟ್ ಮಾತ್ರ ಸೂರ್ಯನನ್ನೇ ನಂಬಿಕೊಂಡು ಉಳಿಯಿತು. ವಿಶ್ವ ಕ್ರಿಕೆಟ್ ಸಂಸ್ಥೆ ಐಸಿಸಿ, ಮಧ್ಯಾಹ್ನ ಶುರುವಾಗಿ ರಾತ್ರಿ ದೀಪದಲ್ಲಿ ಮುಗಿಯುವ ಹಗಲು-ರಾತ್ರಿ ಟೆಸ್ಟ್‌ಗೆ ಒಪ್ಪಿಗೆ ಕೊಟ್ಟದ್ದು 2012ರಲ್ಲಿ. ಮೊದಲ ಪಂದ್ಯ ನಡೆದದ್ದು 2015ರ ನವೆಂಬರ್ 27ರಂದು, ಅಡಿಲೇಡ್‌ನಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವೆ. ಮೂರೇ ದಿನಕ್ಕೆ ಮುಗಿದ ಆ ಪಂದ್ಯಕ್ಕೆ 1,23,736 ಜನ ಬಂದರು. 187 ರನ್ ಬೆನ್ನಟ್ಟಿದ ಆಸ್ಟ್ರೇಲಿಯಾ ಏಳು ವಿಕೆಟ್ ಕಳೆದುಕೊಂಡು ಗೆದ್ದಿತು. ಪೀಟರ್ ಸಿಡ್ಲ್ ಗೆಲುವಿನ ರನ್ ಹೊಡೆದಾಗ ಗ್ಯಾಲರಿ ತುಂಬಿತ್ತು. ಕೆಲಸ ಮುಗಿಸಿ ನೇರ ಮೈದಾನಕ್ಕೆ ಬಂದು, ದಿನದ ಅತ್ಯಂತ ಬಿರುಸಿನ ಅವಧಿಯನ್ನು ಕಣ್ಣಾರೆ ನೋಡಿ ಮನೆಗೆ ಹೋಗುವುದು ಟೆಸ್ಟ್ ಪ್ರೇಕ್ಷಕನಿಗೆ ಆವರೆಗೆ ಸಿಕ್ಕಿರದ ಭಾಗ್ಯ.

ದೀಪ ಬೇಡ ಅನ್ನುವವರಿಗೆ ಒಂದು ಮಾತು ಕೇಳುತ್ತೇನೆ. ದೀಪ ಈಗಾಗಲೇ ಉರಿಯುತ್ತಿಲ್ಲವೇ? ಮೋಡ ಕವಿದ ಕೂಡಲೇ ಕೆಂಪು ಚೆಂಡಿನ ಪಂದ್ಯದಲ್ಲೂ ಹೊನಲು ದೀಪ ಹಾಕುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ಅಂಪೈರ್‌ಗಳು ಪಿಚ್ ಪಕ್ಕ ಸೇರುತ್ತಾರೆ. ಒಬ್ಬರು ಜೇಬಿನಿಂದ ಲೈಟ್ ಮೀಟರ್ ತೆಗೆದು ಆಕಾಶಕ್ಕೆ ಹಿಡಿದು, ಮುಳ್ಳು ನೋಡಿ, ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳುತ್ತಾರೆ. ಬ್ಯಾಟರ್‌ಗಳು ಗ್ಲೌಸ್ ಕಳಚಿ ಹೊರಟುಬಿಡುತ್ತಾರೆ. ಎತ್ತರದ ಕಂಬಗಳ ತುಂಬ ದೀಪ, ಕೆಳಗೆ ಹೊದಿಕೆ ಎಳೆದ ಪಿಚ್, ಸುತ್ತ ದುಡ್ಡು ಕೊಟ್ಟು ಕೂತ ಜನ. ಮಳೆ ಬಂದರೆ ಯಾರೂ ಏನೂ ಮಾಡಲಾಗದು, ಒಪ್ಪುತ್ತೇನೆ. ಬೆಳಕಿದ್ದೂ ಬೆಳಕಿಲ್ಲವೆಂದು ಆಟ ನಿಲ್ಲಿಸುವುದನ್ನು ಮಾತ್ರ ಯಾವ ಪ್ರೇಕ್ಷಕನಿಗೂ ವಿವರಿಸಿ ಒಪ್ಪಿಸಲಾಗುವುದಿಲ್ಲ. ಇದಕ್ಕೆಲ್ಲ ಕಾರಣ ಚೆಂಡಿನ ಬಣ್ಣ. ಬೆಳಕು ಕುಗ್ಗಿದಾಗ ನಮ್ಮ ಕಣ್ಣಿಗೆ ಮೊದಲು ಕಪ್ಪಾಗಿ ಕಾಣುವುದು ಕೆಂಪು. ದೀಪದ ಕೆಳಗೆ ಅದು ಕಂದುಬಣ್ಣಕ್ಕೆ ತಿರುಗಿ ಪಿಚ್ಚಿನಲ್ಲಿ ಕರಗಿಹೋಗುತ್ತದೆ. ಬಿಳಿ ಚೆಂಡು ಬಿಳಿ ಬಟ್ಟೆಯ ಎದುರು ಕಾಣುವುದಿಲ್ಲ, ಎಂಬತ್ತು ಓವರ್ ಬಾಳುವುದೂ ಇಲ್ಲ. ಹಳದಿ, ಕಿತ್ತಳೆ ಎಲ್ಲ ಪ್ರಯತ್ನಿಸಿ ಕೊನೆಗೆ ಗುಲಾಬಿಗೆ ಬಂದು ನಿಂತರು.

2000ದ ಡಿಸೆಂಬರ್‌ನ ಕರಾಚಿ ಟೆಸ್ಟ್ ನೆನಪಾಗುತ್ತದೆ. ಕೊನೆಯ ದಿನ ಇಂಗ್ಲೆಂಡ್‌ಗೆ 176 ರನ್ ಬೇಕಿತ್ತು. ಕತ್ತಲೆ ಇಳಿಯುತ್ತಿತ್ತು. ಪಾಕಿಸ್ತಾನ ಓವರ್‌ಗಳನ್ನು ಎಳೆಯುತ್ತಾ ಹೋಯಿತು, ಅಂಪೈರ್ ಸ್ಟೀವ್ ಬಕ್ನರ್ ಆಟ ನಿಲ್ಲಿಸಲು ಒಪ್ಪಲಿಲ್ಲ. ಕೊನೆಕೊನೆಗೆ ಹೊಡೆದ ಚೆಂಡು ಎತ್ತ ಹೋಯಿತೆಂದು ಫೀಲ್ಡರ್‌ಗಳಿಗೇ ಕಾಣದ ಸ್ಥಿತಿ. ಇಂಗ್ಲೆಂಡ್ ಗೆದ್ದಿತು. ಪಾಕಿಸ್ತಾನ ಆ ಮೈದಾನದಲ್ಲಿ ಸೋತದ್ದು ಅದೇ ಮೊದಲು. ರೋಚಕ ಪಂದ್ಯವೆಂದು ಇಂದಿಗೂ ಹೊಗಳುತ್ತಾರೆ. ಸಂಜೆಯ ಆಟ ಅನ್ಯಾಯ ಅನ್ನುವವರು ಆ ಪಂದ್ಯವನ್ನು ಒಂದು ಸಲ ನೆನೆಯಬೇಕು. ಸಂಜೆ ಟೆಸ್ಟ್ ಕ್ರಿಕೆಟ್‌ಗೆ ಹೊಸದಲ್ಲ, ದೀಪ ಮಾತ್ರ ಹೊಸದು.

ಮುಸ್ಸಂಜೆಯಲ್ಲಿ ಚೆಂಡು ಹೆಚ್ಚು ಓಡಾಡುತ್ತದೆ, ಆಗ ಬ್ಯಾಟ್ ಮಾಡುವವನಿಗೆ ಕಷ್ಟ ಅನ್ನುತ್ತಾರೆ. ನಿಜ, ಕಷ್ಟವೇ. ಆದರೆ ಟೆಸ್ಟ್ ಯಾವಾಗ ಎಲ್ಲರಿಗೂ ಒಂದೇ ಸಮ ಇತ್ತು? ಮೊದಲ ಬೆಳಿಗ್ಗೆಯ ತೇವದಲ್ಲಿ ಆಡುವವನಿಗೂ ಎರಡನೇ ಮಧ್ಯಾಹ್ನ ಆಡುವವನಿಗೂ ಅಜಗಜಾಂತರ. ಐದನೇ ದಿನ ಬಿರುಕು ಬಿಟ್ಟ ಪಿಚ್ಚಿನಲ್ಲಿ ಆಡುವವನ ಪಾಡು ಬೇರೆಯೇ. ಒಂದು ಕಾಲಕ್ಕೆ ಪಿಚ್‌ಗೆ ಹೊದಿಕೆಯೇ ಇರಲಿಲ್ಲ, ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ಅದೇ ಕೆಸರಿನಲ್ಲಿ ಆಡಬೇಕಿತ್ತು. ಕಾಲ ನೋಡಿ ಆಡುವುದೇ ಈ ಆಟದ ಬುದ್ಧಿವಂತಿಕೆ. ಮುಸ್ಸಂಜೆ ಆ ಬುದ್ಧಿವಂತಿಕೆಗೆ ಇನ್ನೊಂದು ಕಣ ತೆರೆದಿದೆ.

2016ರ ನವೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ನಡೆದದ್ದನ್ನು ನೋಡಿ. ದಕ್ಷಿಣ ಆಫ್ರಿಕಾ 9 ವಿಕೆಟ್‌ಗೆ 259. ನಾಯಕ ಫಾಫ್ ಡುಪ್ಲೆಸಿ 118 ಹೊಡೆದು ಕ್ರೀಸ್‌ನಲ್ಲಿದ್ದರು. ಮೊದಲ ದಿನವೇ, ವಿಕೆಟ್ ಕೈಲಿರುವಾಗಲೇ, ಇನಿಂಗ್ಸ್ ಸಾಕೆಂದು ಡಿಕ್ಲೇರ್ ಮಾಡಿಬಿಟ್ಟರು. ದೀಪದ ಕೆಳಗೆ ಹೊಸ ಚೆಂಡು ಹಾಕುವುದು ಒಂದು ಆಸೆ. ಡೇವಿಡ್ ವಾರ್ನರ್ ಚಿಕಿತ್ಸೆಗೆಂದು ಮೈದಾನದಿಂದ ಹೊರಗಿದ್ದರು, ನಿಯಮದಂತೆ ಕೂಡಲೇ ಆರಂಭಿಕರಾಗಿ ಬರುವಂತಿರಲಿಲ್ಲ. ಅದು ಎರಡನೇ ಲೆಕ್ಕಾಚಾರ. ಉಸ್ಮಾನ್ ಖವಾಜ ಆತುರದಲ್ಲಿ ಪ್ಯಾಡ್ ಕಟ್ಟಿಕೊಂಡು ಓಡಿ ಬಂದರು. ಆ ಸಂಜೆ ಔಟಾಗಲಿಲ್ಲ. ಅಷ್ಟೇ ಅಲ್ಲ, 145 ಹೊಡೆದರು. ಒಂದು ಚತುರ ನಡೆ, ಅದಕ್ಕೆ ಬ್ಯಾಟಿನಿಂದಲೇ ಬಂದ ಉತ್ತರ. ಹಗಲಿನ ಟೆಸ್ಟ್ ಆಗಿದ್ದರೆ ಇವೆರಡೂ ನಮಗೆ ಸಿಗುತ್ತಿರಲಿಲ್ಲ.

ದೀಪದ ಕೆಳಗೆ ಬ್ಯಾಟರ್ ಬದುಕುವುದಿಲ್ಲ ಅನ್ನುವುದು ಅರೆಸತ್ಯ. 2016ರಲ್ಲಿ ದುಬೈನಲ್ಲಿ ಪಾಕಿಸ್ತಾನದ ಅಜರ್ ಅಲಿ ಔಟಾಗದೆ 302. 2019ರಲ್ಲಿ ಅಡಿಲೇಡ್‌ನಲ್ಲಿ ವಾರ್ನರ್ ಔಟಾಗದೆ 335. ಎಜ್‌ಬಾಸ್ಟನ್‌ನಲ್ಲಿ ಅಲಾಸ್ಟೇರ್ ಕುಕ್ 243. 2016ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ 490 ರನ್ನಿನ ಗುರಿ ಹಿಡಿದು ಹೊರಟ ಪಾಕಿಸ್ತಾನ, ಅಸದ್ ಶಫೀಕ್ ಅವರ 137ರ ಬಲದಿಂದ 450ರವರೆಗೂ ಹೋಯಿತು. ಮಹಿಳೆಯರ ಮೊದಲ ಹಗಲು-ರಾತ್ರಿ ಟೆಸ್ಟ್‌ನಲ್ಲಿ, 2017ರಲ್ಲಿ, ಎಲಿಸ್ ಪೆರ‍್ರಿ ಔಟಾಗದೆ 213. 2021ರಲ್ಲಿ ಆಸ್ಟ್ರೇಲಿಯಾದ ಕರಾರದಲ್ಲಿ ಸ್ಮೃತಿ ಮಂಧಾನ 127. ಆ ಕವರ್ ಡ್ರೈವ್‌ಗಳನ್ನು ನೋಡಿದವರು ಗುಲಾಬಿ ಚೆಂಡನ್ನು ದೂರುವುದಿಲ್ಲ. ಸ್ಪಿನ್ನರ್‌ಗೆ ಕೆಲಸವಿಲ್ಲ ಅನ್ನುವವರಿಗೆ ದುಬೈನಲ್ಲಿ ದೇವೇಂದ್ರ ಬಿಶೂ 49 ರನ್‌ಗೆ 8 ವಿಕೆಟ್ ಕಿತ್ತದ್ದು ಮರೆತಿದೆ. 2025ರಲ್ಲಿ ಮೆಲ್ಬರ್ನ್‌ನ ಮಹಿಳಾ ಆಷಸ್ ಟೆಸ್ಟ್‌ನಲ್ಲಿ ಲೆಗ್ ಸ್ಪಿನ್ನರ್ ಅಲಾನಾ ಕಿಂಗ್ ಒಂಬತ್ತು ವಿಕೆಟ್ ಪಡೆದದ್ದೂ ದೀಪದ ಪಂದ್ಯದಲ್ಲೇ.

2020ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಭಾರತ 36ಕ್ಕೆ ಕುಸಿದದ್ದನ್ನು ಹಗಲು-ರಾತ್ರಿ ಆಟದ ತಲೆಗೆ ಕಟ್ಟುವುದು ನನಗೆ ಎಲ್ಲಕ್ಕಿಂತ ಬೇಸರದ ವಿಷಯ. ಆ ನೋವು ನನಗೂ ಇದೆ. ಆದರೆ ಆ ಕುಸಿತ ನಡೆದದ್ದು ಮೂರನೇ ದಿನದ ಮೊದಲ ಅವಧಿಯಲ್ಲಿ, ಸುಡುಬಿಸಿಲಿನ ಮಧ್ಯಾಹ್ನ. ದೀಪಕ್ಕೂ ಮುಸ್ಸಂಜೆಗೂ ಅದರಲ್ಲಿ ಪಾತ್ರವೇ ಇಲ್ಲ. ಜೋಶ್ ಹೇಜಲ್‌ವುಡ್ 8 ರನ್‌ಗೆ 5 ವಿಕೆಟ್ ಎತ್ತಿದ ಆ ಬೌಲಿಂಗ್‌ಗೆ ಯಾವ ಬಣ್ಣದ ಚೆಂಡಾದರೂ ಒಂದೇ.

ಎಲ್ಲ ಟೆಸ್ಟ್‌ಗಳೂ ರಾತ್ರಿಯೇ ನಡೆಯಲಿ ಅಂತ ನಾನು ಹೇಳುತ್ತಿಲ್ಲ. ಇಬ್ಬನಿ ಸುರಿಯುವ ಕಡೆ, ಚಳಿಗಾಲದಲ್ಲಿ, ಹಠ ಹಿಡಿಯುವುದು ತಪ್ಪು. ಸರಣಿಗೊಂದು, ಹವೆ ಒಪ್ಪುವ ಕಡೆ, ಒಪ್ಪುವ ತಿಂಗಳಲ್ಲಿ ಆಡಿದರೆ ಸಾಕು. ರಾಹುಲ್ ದ್ರಾವಿಡ್ 2011ರಲ್ಲಿ ಅಬುಧಾಬಿಯಲ್ಲಿ ಲಂಡನ್ನಿನ ಹಳೆಯ ಕ್ರಿಕೆಟ್ ಕ್ಲಬ್ ಎಂಸಿಸಿ ಪರ ಗುಲಾಬಿ ಚೆಂಡಿನ ಪಂದ್ಯ ಆಡಿ ಶತಕ ಹೊಡೆದಿದ್ದರು. ಅದೇ ವರ್ಷದ ಕೊನೆಗೆ ಕ್ಯಾನ್‌ಬೆರಾದಲ್ಲಿ ಬ್ರಾಡ್‌ಮನ್ ಉಪನ್ಯಾಸ ಕೊಡುವಾಗ, ಹಗಲು-ರಾತ್ರಿ ಟೆಸ್ಟನ್ನು ಗಂಭೀರವಾಗಿ ಪ್ರಯತ್ನಿಸಬೇಕೆಂದು ಹೇಳಿದರು. ಟೆಸ್ಟ್ ಕ್ರಿಕೆಟ್‌ಗಾಗಿ ಅವರಷ್ಟು ತಪಸ್ಸು ಮಾಡಿದವರು ಕಡಿಮೆ. ಆಟ ಕೆಡುತ್ತದೆ ಅನಿಸಿದ್ದರೆ ಅವರು ಆ ಮಾತು ಆಡುತ್ತಿರಲಿಲ್ಲ.

ಮೊಟ್ಟಮೊದಲ ಟೆಸ್ಟ್ ನಡೆದದ್ದು 1877ರ ಮಾರ್ಚ್‌ನಲ್ಲಿ, ಮೆಲ್ಬರ್ನ್‌ನಲ್ಲಿ. ಅದರ 150ನೇ ವರ್ಷದ ನೆನಪಿಗೆ 2027ರ ಮಾರ್ಚ್‌ನಲ್ಲಿ ಅದೇ ಮೈದಾನದಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಆಡಲಿವೆ. ಹಗಲು-ರಾತ್ರಿ ಪಂದ್ಯವೆಂದು ಆಗಲೇ ನಿಗದಿಯಾಗಿದೆ.

ವಿರೋಧ: ಚೆಂಡು ದೀಪಕ್ಕೆ ಹುಟ್ಟಿದ್ದು, ಆಟಕ್ಕಲ್ಲ

ಅದೇ ಮೆಲ್ಬರ್ನ್ ಮೈದಾನದಿಂದಲೇ ಶುರು ಮಾಡುತ್ತೇನೆ. 2024ರ ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮರುದಿನ ಶುರುವಾಗುವ) ಟೆಸ್ಟ್, ಆಸ್ಟ್ರೇಲಿಯಾ ಎದುರು ಭಾರತ. ಕೆಂಪು ಚೆಂಡು, ಹಗಲಿನ ಆಟ. ಐದು ದಿನಕ್ಕೆ 3,73,691 ಜನ ಬಂದರು. ಕೊನೆಯ ದಿನವೊಂದಕ್ಕೇ 74,362. ಆ ಕೊನೆಯ ದಿನ ಚಹಾ ವಿರಾಮಕ್ಕೆ ಭಾರತ 3 ವಿಕೆಟ್‌ಗೆ 112. ಯಶಸ್ವಿ ಜೈಸ್ವಾಲ್, ರಿಷಭ್ ಪಂತ್ ಗಟ್ಟಿಯಾಗಿ ನಿಂತಿದ್ದರು. ಗೆಲುವು ದೂರ, ಆದರೆ ಡ್ರಾ ಕಣ್ಣೆದುರಿಗಿತ್ತು. ಒಂದೊಂದು ಓವರ್ ದಾಟಿದಾಗಲೂ ಎದೆ ಸ್ವಲ್ಪ ಹಗುರ. ಪಂತ್ ಎತ್ತಿ ಹೊಡೆದು ಔಟಾದರು. ಆಮೇಲೆ ಬಾಗಿಲು ತೆರೆದುಕೊಂಡಿತು, 34 ರನ್ ಸೇರುವಷ್ಟರಲ್ಲಿ ಏಳು ವಿಕೆಟ್. ಭಾರತ ಸೋತಿತು. ಸೋತರೂ ಆ ಸಂಜೆಯನ್ನು ಮರೆಯಲಾಗುವುದಿಲ್ಲ. ಉಳಿಸಿಕೊಳ್ಳಬಹುದಾಗಿದ್ದ ಪಂದ್ಯ ಕೈಜಾರಿತಲ್ಲ ಎಂಬ ಸಂಕಟ ಅದರೊಳಗಿದೆ.

ಹತ್ತು ವರ್ಷದಲ್ಲಿ ಪುರುಷರ ಒಂದೇ ಒಂದು ಹಗಲು-ರಾತ್ರಿ ಟೆಸ್ಟ್ ಡ್ರಾ ಆಗಿಲ್ಲ. ಇದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ: ನೋಡಿ, ಎಲ್ಲಕ್ಕೂ ಫಲಿತಾಂಶ! ನನಗೆ ಅದು ಆತಂಕದ ಸುದ್ದಿ. ಡ್ರಾ ಮಾಡಿಕೊಳ್ಳಬಹುದೆಂಬ ಆಸೆ ಇದ್ದಾಗಲೇ ಸೋಲನ್ನು ತಡೆದು ನಿಲ್ಲುವ ಆಟಕ್ಕೆ ಬೆಲೆ. ಸೋಲುತ್ತಿರುವ ತಂಡ ಮೂರು ಅವಧಿ ಹಲ್ಲುಕಚ್ಚಿ ನಿಂತರೆ ಪಾರಾಗಬಹುದು ಎಂಬ ದಾರಿ ಬೇರೆ ಯಾವ ಮಾದರಿಯಲ್ಲೂ ಇಲ್ಲ. ದೀಪದ ಕೆಳಗೆ ಆ ದಾರಿ ಮುಚ್ಚಿಹೋಗುತ್ತದೆ. ದಿನವಿಡೀ ಕಷ್ಟಪಟ್ಟು ನೆಲೆನಿಂತ ಬ್ಯಾಟರ್‌ಗೆ ಸಂಜೆ ಆರರ ಹೊತ್ತಿಗೆ ಹೊಸದಾಗಿ ಪರೀಕ್ಷೆ ಶುರು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆಂಪು ಚೆಂಡಿನ ಚರ್ಮಕ್ಕೆ ಬಣ್ಣ ಒಳಗೆ ಇಳಿದಿರುತ್ತದೆ. ಉಜ್ಜಿದಷ್ಟೂ ಒಂದು ಬದಿ ಮಿರುಗುತ್ತದೆ, ಇನ್ನೊಂದು ಬದಿ ಒರಟಾಗುತ್ತದೆ. ಮೂವತ್ತು ಓವರಿಗೆ ಚೆಂಡು ಮೆತ್ತಗಾಗಿ ಬ್ಯಾಟರ್ ಉಸಿರು ಬಿಡುತ್ತಾನೆ, ಐವತ್ತರ ಹೊತ್ತಿಗೆ ರಿವರ್ಸ್ ಸ್ವಿಂಗ್ (ಹಳೆಯ ಚೆಂಡು ಗಾಳಿಯಲ್ಲಿ ಉಲ್ಟಾ ದಿಕ್ಕಿಗೆ ಬಾಗುವುದು) ಬರುತ್ತದೆ, ಸ್ಪಿನ್ನರ್ ಕೈಗೆ ಹಿಡಿತ ಸಿಗುತ್ತದೆ. ಚೆಂಡಿಗೂ ಒಂದು ಆಯುಸ್ಸಿದೆ: ಬಾಲ್ಯ, ಯೌವನ, ಮುಪ್ಪು. ಟೆಸ್ಟ್ ಕ್ರಿಕೆಟ್‌ನ ಇಡೀ ಕಥೆ ನಡೆಯುವುದು ಅದರ ಮೇಲೆ. ಗುಲಾಬಿ ಚೆಂಡಿಗೆ ಬಣ್ಣವನ್ನು ಮೇಲಿನಿಂದ ಬಳಿಯುತ್ತಾರೆ. ಆ ಬಣ್ಣ ಕೀಳದಂತೆ ಮೇಲೆ ದಪ್ಪ ಮೆರುಗೆಣ್ಣೆ. ಅದು ಸವೆಯಬಾರದು, ಯಾಕೆಂದರೆ ಸವೆದರೆ ರಾತ್ರಿ ಕಾಣುವುದಿಲ್ಲ. ಹಾಗಾಗಿ ಸವೆಯದಂತೆ ಪಿಚ್ಚನ್ನೇ ಬದಲಿಸಬೇಕಾಯಿತು. ಮೊದಲ ಅಡಿಲೇಡ್ ಟೆಸ್ಟ್‌ಗೆ ಚೆಂಡನ್ನು ಕಾಪಾಡಲೆಂದು ಪಿಚ್ ಮೇಲೆ 11 ಮಿಲಿಮೀಟರ್ ಹುಲ್ಲು ಬಿಟ್ಟಿದ್ದರು. ಅಂದರೆ ದೀಪಕ್ಕೆ ತಕ್ಕಂತೆ ಚೆಂಡು, ಚೆಂಡಿಗೆ ತಕ್ಕಂತೆ ಪಿಚ್, ಪಿಚ್ಚಿಗೆ ತಕ್ಕಂತೆ ಆಟ. ಕೊನೆಗೆ ಐದು ದಿನದ ಪಂದ್ಯ ಮೂರು ದಿನಕ್ಕೆ ಮುಗಿದರೆ ಅಚ್ಚರಿಯೇನು?

ಮುಸ್ಸಂಜೆಯನ್ನು ಮೊದಲ ಬೆಳಿಗ್ಗೆಯ ತೇವಕ್ಕೆ ಹೋಲಿಸುತ್ತಾರೆ. ಆ ಹೋಲಿಕೆ ನಿಲ್ಲುವುದಿಲ್ಲ. ಬೆಳಿಗ್ಗೆ ಚೆಂಡು ಪಿಚ್ಚಿನಿಂದಾಗಿ, ಗಾಳಿಯಿಂದಾಗಿ ತಿರುಗುತ್ತದೆ. ಆದರೆ ಕಣ್ಣಿಗೆ ಕಾಣುತ್ತದೆ. ಮುಸ್ಸಂಜೆಯಲ್ಲಿ ಕಾಣುವುದೇ ಕಷ್ಟ. ಸೂರ್ಯ ಪೂರ್ತಿ ಮುಳುಗಿರುವುದಿಲ್ಲ, ದೀಪ ಪೂರ್ತಿ ಹಿಡಿದಿರುವುದಿಲ್ಲ. ಎದುರಿನ ಆಕಾಶವೇ ಗುಲಾಬಿ. ಆ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೌಲರ್ ಕೈಯಿಂದ ಹೊರಟ ಚೆಂಡಿನ ಸೀಮ್, ಅಂದರೆ ಹೊಲಿಗೆ, ಯಾವ ಕಡೆಗಿದೆಯೆಂದು ಓದಲಾಗದೆ ಬ್ಯಾಟರ್ ಅಂದಾಜಿನಲ್ಲಿ ಕಾಲಿಡುತ್ತಾನೆ. ಸ್ಲಿಪ್‌ನಲ್ಲಿ ನಿಂತವನಿಗೆ ಅಂಚು ಸವರಿದ ಚೆಂಡು ಅರ್ಧ ದಾರಿ ಬಂದ ಮೇಲೆ ಕಾಣುತ್ತದೆ. ಬಣ್ಣಗುರುಡು ಇರುವ ಆಸ್ಟ್ರೇಲಿಯಾದ ಮ್ಯಾಥ್ಯೂ ವೇಡ್, ದೀಪದ ಕೆಳಗೆ ಗುಲಾಬಿ ಚೆಂಡು ಗುರುತಿಸುವುದು ತನಗೆ ಕಷ್ಟವೆಂದು ಬಹಿರಂಗವಾಗಿಯೇ ಹೇಳಿದ್ದರು. ಕಷ್ಟದ ಚೆಂಡನ್ನು ಎದುರಿಸುವುದು ಕೌಶಲ. ಕಾಣದ ಚೆಂಡನ್ನು ಎದುರಿಸುವುದು ಅದೃಷ್ಟ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಫಲ ಹೇಗಿದೆ ನೋಡಿ. 2017ರಲ್ಲಿ ಎಜ್‌ಬಾಸ್ಟನ್‌ನಲ್ಲಿ ವೆಸ್ಟ್ ಇಂಡೀಸ್ ಒಂದೇ ದಿನ 19 ವಿಕೆಟ್ ಒಪ್ಪಿಸಿತು. 2018ರಲ್ಲಿ ಆಕ್ಲೆಂಡ್‌ನಲ್ಲಿ ಇಂಗ್ಲೆಂಡ್ 27ಕ್ಕೆ 9 ಆಗಿ, ಹೇಗೋ 58 ಮುಟ್ಟಿತು. 2025ರ ಜುಲೈನಲ್ಲಿ ಕಿಂಗ್‌ಸ್ಟನ್‌ನಲ್ಲಿ ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್; ಮಿಚೆಲ್ ಸ್ಟಾರ್ಕ್ ಐದು ವಿಕೆಟ್ ಪಡೆಯಲು ತೆಗೆದುಕೊಂಡದ್ದು 15 ಎಸೆತ. ಸ್ಟಾರ್ಕ್ ದೊಡ್ಡ ಬೌಲರ್, ಅದರಲ್ಲಿ ಎರಡು ಮಾತಿಲ್ಲ. ಹಗಲು-ರಾತ್ರಿ ಟೆಸ್ಟ್‌ಗಳಲ್ಲೇ ಅವರ ವಿಕೆಟ್ 80 ದಾಟಿದೆ. ಆದರೆ ಹೀಗೆ ಒಂದು ಬಗೆಯ ಬೌಲರ್‌ಗೆ, ದಿನದ ಒಂದು ಹೊತ್ತಿಗೆ, ಇಷ್ಟೊಂದು ಒಲಿಯುವ ಆಟ ಸಮತೋಲದ ಆಟವಲ್ಲ.

ಭಾರತದಲ್ಲಿ ಮೂರು ಪಂದ್ಯ ನಡೆದಿವೆ. ಮೂರೂ ಮೂರು ದಿನ ಮೀರಿಲ್ಲ. 2019ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಬಾಂಗ್ಲಾದೇಶದ ಎದುರು ಮೊದಲನೆಯದು. ಈಡನ್ ಗಾರ್ಡನ್ಸ್ ತುಂಬಿ ತುಳುಕಿತ್ತು, ವಿರಾಟ್ ಕೊಹ್ಲಿ 136 ಹೊಡೆದರು, ಇಶಾಂತ್ ಶರ್ಮಾ, ಉಮೇಶ್ ಯಾದವ್ ಬೆಂಕಿಯುಗುಳಿದರು. ಆದರೆ ಭಾರತದ ಸ್ಪಿನ್ನರ್‌ಗಳಿಗೆ ಸಿಕ್ಕಿದ್ದು ಬೆರಳೆಣಿಕೆಯ ಓವರ್, ವಿಕೆಟ್ ಒಂದೂ ಇಲ್ಲ. ಭಾರತದ ನೆಲದಲ್ಲಿ, ಅಶ್ವಿನ್ ಮತ್ತು ಜಡೇಜ ತಂಡದಲ್ಲಿದ್ದಾಗ! ಬಾಂಗ್ಲಾದೇಶದ ಇಬ್ಬರು ತಲೆಗೆ ಪೆಟ್ಟು ತಿಂದು, ಬದಲಿಗೆ ಬೇರೆಯವರು ಬರಬೇಕಾಯಿತು. ಮೂರನೇ ದಿನ ಒಂದು ಗಂಟೆಯೂ ಆಟ ನಡೆಯಲಿಲ್ಲ. ಕೆಲಸ ಮುಗಿಸಿ ಬರುವವರಿಗಾಗಿ ಈ ಏರ್ಪಾಡು ಅನ್ನುತ್ತಾರಲ್ಲ, ಆ ದಿನ ಸಂಜೆ ಬಂದವರಿಗೆ ಸಿಕ್ಕಿದ್ದು ಖಾಲಿ ಮೈದಾನ.

2021ರ ಫೆಬ್ರುವರಿಯಲ್ಲಿ ಅಹಮದಾಬಾದ್‌ನಲ್ಲಿ ಇದರ ಉಲ್ಟಾ. 30 ವಿಕೆಟ್‌ಗಳಲ್ಲಿ 28 ಸ್ಪಿನ್ನರ್‌ಗಳ ಪಾಲು. ಅಕ್ಷರ್ ಪಟೇಲ್ 70 ರನ್‌ಗೆ 11, ಅರೆಕಾಲಿಕ ಬೌಲರ್ ಜೋ ರೂಟ್ 8 ರನ್‌ಗೆ 5. ಪಂದ್ಯ ಮುಗಿದದ್ದು ಎರಡೇ ದಿನಕ್ಕೆ, 842 ಎಸೆತಕ್ಕೆ. ಅಲ್ಲಿ ವಿಕೆಟ್ ಕಿತ್ತದ್ದು ತಿರುವು ಮಾತ್ರವಲ್ಲ. ಆ ಮೆರುಗೆಣ್ಣೆಯಿಂದಾಗಿ ಕೆಲವು ಚೆಂಡು ಪಿಚ್ ಮುಟ್ಟಿದ ಕೂಡಲೇ ಜಾರಿ ನೇರ ನುಗ್ಗುತ್ತಿದ್ದವು. ತಿರುಗುತ್ತದೆಂದು ಆಡಿದವರು ಬೌಲ್ಡ್ ಆದರು, ಎಲ್‌ಬಿ ಆದರು. ಒಂದು ಕಡೆ ಸ್ಪಿನ್ನರ್‌ಗೆ ಉಪವಾಸ, ಇನ್ನೊಂದು ಕಡೆ ಅಜೀರ್ಣ. 2022ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಶ್ರೀಲಂಕಾ ಎದುರು ಮೊದಲ ದಿನವೇ 16 ವಿಕೆಟ್ ಬಿದ್ದವು. ಶ್ರೇಯಸ್ ಅಯ್ಯರ್ ಅವರ 92, ಕರುಣರತ್ನೆಯ 107, ಪಂತ್ 28 ಎಸೆತದಲ್ಲಿ ಮುಟ್ಟಿದ ಅರ್ಧಶತಕ ನೋಡಲು ಚೆನ್ನಾಗಿದ್ದವು, ಇಲ್ಲ ಅನ್ನುವುದಿಲ್ಲ. ಆದರೂ ಮ್ಯಾಚ್ ರೆಫರಿ ಜಾವಗಲ್ ಶ್ರೀನಾಥ್ ಆ ಪಿಚ್ಚನ್ನು ಸರಾಸರಿಗಿಂತ ಕೆಳಗೆ ಎಂದು ಬರೆದು, ಬ್ಯಾಟು-ಚೆಂಡಿನ ಸೆಣಸಾಟ ಸಮವಾಗಿರಲಿಲ್ಲ ಅಂದರು. ವೇಗದ ಬೌಲರ್ ಆಗಿದ್ದವರೇ ಹಾಗೆ ಹೇಳಬೇಕಾಯಿತು. ಅದಾದ ಮೇಲೆ ಭಾರತದಲ್ಲಿ ಪುರುಷರ ಹಗಲು-ರಾತ್ರಿ ಟೆಸ್ಟ್ ನಡೆದಿಲ್ಲ.

ಇನ್ನು ಇಬ್ಬನಿ. ರಾತ್ರಿಯಾಗುತ್ತಿದ್ದಂತೆ ಹುಲ್ಲು ಒದ್ದೆಯಾಗುತ್ತದೆ, ಬೌಂಡರಿಯಿಂದ ಮರಳಿದ ಚೆಂಡು ನೀರು ಕುಡಿದು ಬಂದಿರುತ್ತದೆ. ಸ್ಪಿನ್ನರ್ ಸೊಂಟದ ಟವೆಲ್ ಎಳೆದು ಚೆಂಡು ಒರೆಸುತ್ತಾನೆ, ಬೆರಳು ಒರೆಸುತ್ತಾನೆ, ಅಂಗಿಗೆ ಮತ್ತೊಮ್ಮೆ ತಿಕ್ಕುತ್ತಾನೆ. ಎಸೆದರೆ ಚೆಂಡು ಬೆರಳಿಂದ ಜಾರಿ ಫುಲ್‌ಟಾಸ್. ಇಪ್ಪತ್ತು ವರ್ಷ ನೆಟ್‌ನಲ್ಲಿ ಬೆರಳ ಚರ್ಮ ಸುಲಿದುಕೊಂಡು ಕಲಿತ ವಿದ್ಯೆ ಒಂದು ಹನಿ ನೀರಿನ ಮುಂದೆ ಕೆಲಸಕ್ಕೆ ಬಾರದು. ಇದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಒಂದು ದಿನದ ಪಂದ್ಯದಲ್ಲಿ ಅದನ್ನು ಸಹಿಸಿಕೊಂಡಿದ್ದೇವೆ, ಹತ್ತು ಓವರ್ ತಾನೇ ಅಂತ. ಟೆಸ್ಟ್‌ನಲ್ಲಿ ಸ್ಪಿನ್ನರ್ ನಲವತ್ತು ಓವರ್ ಹೊರಬೇಕಾದವನು.

ಇನ್ನೊಂದು ಅನ್ಯಾಯ ಕಣ್ಣಿಗೆ ಬೀಳುವುದಿಲ್ಲ. ಟೆಸ್ಟ್ ಆಟಗಾರ ತಯಾರಾಗುವುದು ದೇಶೀಯ ಪಂದ್ಯಗಳಲ್ಲಿ. 1997ರಲ್ಲೇ ಗ್ವಾಲಿಯರ್‌ನಲ್ಲಿ ಮುಂಬೈ ಮತ್ತು ದೆಹಲಿ ನಡುವಿನ ರಣಜಿ ಫೈನಲ್ ಹೊನಲು ಬೆಳಕಿನಲ್ಲಿ, ಬಿಳಿ ಚೆಂಡಿನಲ್ಲಿ ನಡೆದಿತ್ತು. ಅದು ರೂಢಿಗೆ ಬರಲಿಲ್ಲ. 2016ರಿಂದ ಕೆಲವು ವರ್ಷ ದುಲೀಪ್ ಟ್ರೋಫಿಯಲ್ಲಿ ಗುಲಾಬಿ ಚೆಂಡು ಪ್ರಯೋಗಿಸಿ, ಮತ್ತೆ ಕೆಂಪಿಗೇ ಮರಳಿದರು. ರಣಜಿ ಋತುವಿಡೀ ಕೆಂಪು ಚೆಂಡಿನಲ್ಲಿ ಬೆವರು ಸುರಿಸಿ ತಂಡಕ್ಕೆ ಬಂದ ಹುಡುಗ, ತಾನೆಂದೂ ಆಡಿರದ ಚೆಂಡಿನಲ್ಲಿ, ಆಡಿರದ ಹೊತ್ತಿನಲ್ಲಿ, ಸ್ಟಾರ್ಕ್ ಎದುರು ನಿಲ್ಲಬೇಕು. ಎರಡು ಇನಿಂಗ್ಸ್‌ನಲ್ಲಿ ಎಡವಿದರೆ ಜಾಗ ಹೋಯಿತು. ಅವನ ಬದುಕಿನ ಪ್ರಶ್ನೆ ಇದು, ಟಿಕೆಟ್ ಮಾರಾಟದ್ದಲ್ಲ.

ಜನ ಬರುವುದಿಲ್ಲ ಅನ್ನುವುದಕ್ಕೆ ಹೊತ್ತೊಂದೇ ಕಾರಣವೆಂದು ನಾನು ನಂಬುವುದಿಲ್ಲ. 2001ರ ಮಾರ್ಚ್ 14ರಂದು, ಬುಧವಾರ, ಕೆಲಸದ ದಿನ, ಅದೇ ಈಡನ್ ಗಾರ್ಡನ್ಸ್‌ನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಮತ್ತು ದ್ರಾವಿಡ್ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೂ ವಿಕೆಟ್ ಬೀಳದಂತೆ ಆಡಿದರು. ಫಾಲೋಆನ್ ಆಗಿದ್ದ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ತೀರಾ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಹಿಡಿಯಬೇಕಾಗಿದ್ದ ತಂಡ. ಎದುರಿಗೆ ಆಸ್ಟ್ರೇಲಿಯಾದ ಮೆಗ್ರಾ, ಗಿಲೆಸ್ಪಿ, ವಾರ್ನ್. ಸೆಖೆಯಲ್ಲಿ ದ್ರಾವಿಡ್ ಬಸವಳಿದಿದ್ದರು, ಲಕ್ಷ್ಮಣ್ ಬೆನ್ನು ನೋವಿನಲ್ಲಿದ್ದರು. ಚೆಂಡು ಹಳೆಯದಾಯಿತು, ಹೊಸದು ಬಂತು, ಅದೂ ಹಳೆಯದಾಯಿತು. 376 ರನ್ನಿನ ಜೊತೆಯಾಟ, 281 ಮತ್ತು 180. ದ್ರಾವಿಡ್ ಹಗಲು-ರಾತ್ರಿ ಟೆಸ್ಟ್ ಪರ ಮಾತಾಡಿದ್ದಾರೆ, ಅವರ ಮೇಲೆ ನನಗಿರುವ ಗೌರವ ಅದರಿಂದ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಆ ದಿನದ ಸಂಜೆ ಐದೂವರೆಗೆ ದೀಪ ಹೊತ್ತಿ, ಗುಲಾಬಿ ಆಕಾಶದಿಂದ ಗುಲಾಬಿ ಚೆಂಡು ಇಳಿದು ಬಂದಿದ್ದರೆ ಆ ಜೊತೆಯಾಟ ಮುಗಿಯುವವರೆಗೆ ಉಳಿಯುತ್ತಿತ್ತೇ ಅಂತ ಯೋಚಿಸುತ್ತೇನೆ. ನನಗೆ ಹಾಗನಿಸುವುದಿಲ್ಲ.

ಬೆಳಕು ಬೇಗ ಹೋಗುವ ಕಡೆ ಏನು ಮಾಡಬೇಕು ಎಂಬುದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವೂ ಸಿಕ್ಕಿದೆ. 2025ರ ನವೆಂಬರ್‌ನಲ್ಲಿ ಗುವಾಹಟಿ ಮೊದಲ ಸಲ ಟೆಸ್ಟ್ ಆತಿಥ್ಯ ವಹಿಸಿತು, ಭಾರತದ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಸಂಜೆ ಬಲು ಬೇಗ ಇಳಿಯುತ್ತದೆ. ಹಾಗಾಗಿ ಒಂಬತ್ತಕ್ಕೇ ಆಟ ಶುರು ಮಾಡಿ, ಚಹಾ ವಿರಾಮವನ್ನು ಮೊದಲಿಗೆ ತಂದು, ಊಟವನ್ನು ಆಮೇಲೆ ಇಟ್ಟರು. ಕೇಳಿದವರಿಗೆ ವಿಚಿತ್ರ ಅನಿಸಿತು. ಆಡಿದವರು ಎರಡೇ ದಿನಕ್ಕೆ ಒಗ್ಗಿಕೊಂಡರು. ಚೆಂಡು ಕೆಂಪಾಗಿಯೇ ಇತ್ತು. ಪಂದ್ಯ ಐದನೇ ದಿನ ಮುಟ್ಟಿತು. ಮೊದಲ ಇನಿಂಗ್ಸ್‌ನಲ್ಲಿ ವೇಗಿ ಮಾರ್ಕೊ ಯಾನ್ಸನ್ ಆರು ವಿಕೆಟ್ ಕಿತ್ತರು. ಕೊನೆಯ ಇನಿಂಗ್ಸ್‌ನಲ್ಲಿ ಸವೆದ ಚೆಂಡು, ಸವೆದ ಪಿಚ್, ಹಗಲಿನ ಬೆಳಕು: ಆಫ್ ಸ್ಪಿನ್ನರ್ ಸೈಮನ್ ಹಾರ್ಮರ್ 37 ರನ್‌ಗೆ 6.